ಕಂಬವನ್ನು ಕಾಯುವ ತಂತಿಗಳು



ದೂರದರ್ಶನದ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮಾಳಿಗೆಯ ಮೇಲೆ ಎತ್ತರದ ಪೈಪು ನಿಲ್ಲಿಸಿ ಆಂಟೆನಾ ಕಟ್ಟುತ್ತಿದ್ದ ಕಾಲವೊಂದಿತ್ತು. ಗಾಳಿಗೆ ಬೀಳದಂತೆ ಪೈಪಿನಿಂದ ಮೂರು ದಿಕ್ಕಿಗೆ ತಂತಿ ಎಳೆದು ಬಿಗಿಯುತ್ತಿದ್ದರು. ಈ ಸಣ್ಣ ಉಪಾಯಕ್ಕೆ ದೊಡ್ಡ ಇತಿಹಾಸವಿದೆ. ಹಾಯಿ ಹಡಗಿನವರು ಸಾವಿರಾರು ವರ್ಷಗಳಿಂದ ಪಟಸ್ತಂಭವನ್ನು ಹಗ್ಗಗಳಿಂದಲೇ ನಿಲ್ಲಿಸುತ್ತ ಬಂದಿದ್ದಾರೆ.

ಪಕ್ಕದ ವಿಜಯಪುರದ ಗೋಲಗುಮ್ಮಟವನ್ನು ನೀವು ನೋಡಿರಬಹುದು. ಅದರ ಗೋಡೆಗಳು ಸುಮಾರು 3 ಮೀಟರ್ ದಪ್ಪ. ಆ ದಪ್ಪವೇ ಅವುಗಳ ಬಲ. ತೆಳ್ಳಗಿನ ಎತ್ತರದ ಕಂಬದ ಮಾತೇ ಬೇರೆ. ಭಾರಕ್ಕೆ ಪುಡಿಯಾಗುವ ಮೊದಲೇ ಅದು ಬಾಗಿ ಮುರಿಯುತ್ತದೆ. ತೆಳು ಬಿದಿರಕಡ್ಡಿಯನ್ನು ಎರಡೂ ತುದಿಯಿಂದ ಒತ್ತಿ ನೋಡಿದರೆ ಇದು ತಿಳಿಯುತ್ತದೆ.

ಇದರ ಲೆಕ್ಕವನ್ನು 1744ರಲ್ಲಿ ಕೊಟ್ಟವರು ಸ್ವಿಟ್ಜರ್ಲೆಂಡ್ ಮೂಲದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಕಂಬದ ಆಸರೆಯಿಲ್ಲದ ಉದ್ದವನ್ನು ಅರ್ಧಕ್ಕಿಳಿಸಿದರೆ ಅದು ಬಾಗದೆ ಹೊರುವ ಭಾರ 4 ಪಟ್ಟಾಗುತ್ತದೆ. ಮೂರನೇ ಒಂದು ಭಾಗಕ್ಕಿಳಿಸಿದರೆ 9 ಪಟ್ಟು. ತಂತಿ ಮಾಡುವ ಕೆಲಸ ಇದೇ. ಕಂಬವನ್ನು ದಪ್ಪ ಮಾಡದೆ ಅದರ ಉದ್ದವನ್ನು ಹಂಚುತ್ತದೆ. ಆದರೆ ತಂತಿ ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದಲೇ ಕನಿಷ್ಠ ಮೂರು ದಿಕ್ಕಿನ ಸೆಳೆತ ಬೇಕು. ಸಡಿಲಾದರೆ ಕಂಬ ಬಳುಕುತ್ತದೆ. ಅತಿಯಾಗಿ ಬಿಗಿದರೆ ಆ ಸೆಳೆತವೇ ಕಂಬವನ್ನು ಕೆಳಕ್ಕೆ ಒತ್ತುವ ಹೊಸ ಭಾರವಾಗುತ್ತದೆ.

ರೇಡಿಯೋ ಯುಗ ಈ ಉಪಾಯವನ್ನು ಆಕಾಶಕ್ಕೇರಿಸಿತು. 1974ರಲ್ಲಿ ಪೋಲೆಂಡ್ ದೇಶದ ಕೊನ್‌ಸ್ತಾಂತಿನುವ್ ಎಂಬಲ್ಲಿ 646 ಮೀಟರ್ ಎತ್ತರದ ಉಕ್ಕಿನ ರೇಡಿಯೋ ಕಂಬ ಎದ್ದು ನಿಂತಿತು. ಆಗ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ರಚನೆ ಇರಲಿಲ್ಲ. 5 ಹಂತಗಳಲ್ಲಿ, ಹಂತಕ್ಕೆ 3ರಂತೆ ಉಕ್ಕಿನ ಹಗ್ಗಗಳು ಅದನ್ನು ಹಿಡಿದಿದ್ದವು. 17 ವರ್ಷಗಳ ಗಾಳಿ, ಹಿಮಗಳನ್ನು ತಡೆದ ಆ ಕಂಬ ಬಿದ್ದದ್ದು ದುರಸ್ತಿಯ ವೇಳೆಯಲ್ಲಿ! 1991ರ ಆಗಸ್ಟ್ 8ರಂದು ಮೇಲಿನ ಹಂತದ ಹಗ್ಗಗಳನ್ನು ಬದಲಿಸುತ್ತಿದ್ದಾಗ ಸಮತೋಲ ತಪ್ಪಿತು. ಕಂಬ ಬಾಗಿ ನಡುವೆ ಮುರಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಲ್ಲಿ ಅದು ಮತ್ತೆ ಏಳಲಿಲ್ಲ.

ಆಂಟೆನಾ ಪೈಪುಗಳು ಇಂದು ಅಪರೂಪ. ಆದರೆ ಮಾಳಿಗೆಗಳ ಮೇಲೆ ಮೊಬೈಲ್ ಕಂಬಗಳಿವೆ; ಜಾತ್ರೆ, ಉರುಸು, ಮದುವೆಗಳಿಗೆ ಪೆಂಡಾಲುಗಳೇಳುತ್ತವೆ. ಓಡಾಟಕ್ಕೆ ಅಡ್ಡವಾಯಿತೆಂದು ತಂತಿಯನ್ನೋ ಹಗ್ಗವನ್ನೋ ಬಿಚ್ಚಬೇಡಿ. ತುಕ್ಕು ಹಿಡಿದ ತಂತಿ, ಸಡಿಲಾದ ಗೂಟ ಕಂಡರೆ ಸಂಬಂಧಪಟ್ಟವರಿಗೆ ಕೂಡಲೇ ತಿಳಿಸಿ. ಹೊಸ ಆಸರೆ ಗಟ್ಟಿಯಾಗುವವರೆಗೆ ಹಳೆಯದನ್ನು ತೆಗೆಯಬಾರದು.