35 ಕಿಲೋಮೀಟರಿಗೆ 146 ವರ್ಷ

ಹೋದ ವರ್ಷ ಗಣೇಶ ಹಬ್ಬಕ್ಕೆ ಊರಿಗೆ ಹೊರಟಾಗ ಬಸ್ಸಿನ ಬದಲು ಗೆಳೆಯನ ಥಾರ್ ಸಿಕ್ಕಿತು. ಜೊತೆಗೆ ಗೆಳೆಯನೂ ಬಂದ. ಹಬ್ಬ ಅವನಿಗೆ ಒಂದು ನೆಪ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಜನ ಫೋರ್ ಬೈ ಫೋರ್ ಗಾಡಿ ಓಡಿಸುವ ವಿಡಿಯೋಗಳನ್ನು ಆರು ತಿಂಗಳಿಂದ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಫಳಫಳ ಹೊಳೆಯುತ್ತಾ ನಿಂತಿದ್ದ ಗಾಡಿಗೆ ಎಲ್ಲಾದರೂ ಒಂಚೂರು ಮಣ್ಣು ಮೆತ್ತಿಸಬೇಕಿತ್ತು. "ನಿಮ್ಮ ಕಡೆ ಮರುಭೂಮಿ ಥರಾನೇ ಅಲ್ವಾ?" ಅಂದ. ಬೆಂಗಳೂರಿನವರಿಗೆ ಕಲಬುರಗಿ ಅಂದ್ರೆ ಬಿಸಿಲು, ಅಷ್ಟೇ. ನಾನು ವಾದಕ್ಕೆ ಹೋಗಲಿಲ್ಲ.

ಆ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ನನ್ನ ಕಣ್ಣು ಹೋಗುತ್ತಿದ್ದುದು ದಾರಿಯ ಪಕ್ಕದ ಹಾಳು ರೈಲ್ವೆ ದಿಬ್ಬದ ಕಡೆಗೆ. ಊಡ್ನಡಾಟಾ ಟ್ರ್ಯಾಕ್ ಅಂತ ಒಂದು ದಾರಿ ಇದೆ, 600 ಕಿಲೋಮೀಟರಿಗೂ ಉದ್ದದ ಕಚ್ಚಾ ರಸ್ತೆ. ಅದರ ಬಹುಭಾಗ 'ಘಾನ್' ಎಂಬ ಹಳೆಯ ರೈಲಿನ ಹಾದಿಯನ್ನೇ ಹಿಡಿದು ಹೋಗುತ್ತದೆ. 1878ರಲ್ಲಿ ಕೆಲಸ ಶುರುವಾದ ಆ ಹಳಿ 1891ಕ್ಕೆ ಊಡ್ನಡಾಟಾ ಮುಟ್ಟಿತು, 1929ಕ್ಕೆ ಆಲಿಸ್ ಸ್ಪ್ರಿಂಗ್ಸ್. ವರ್ಷಗಟ್ಟಲೆ ಒಣಗಿ ಬಿದ್ದಿರುವ ಹೊಳೆಗಳಿಗೆ ಒಮ್ಮೆಲೇ ನೆರೆ ಬಂದು ಹಳಿ ಕೊಚ್ಚಿಹೋಗುವುದು, ಮತ್ತೆ ಹಾಕುವುದು, ಇದೇ ಪಾಡಾಗಿ ಕೊನೆಗೆ 1980ರಲ್ಲಿ ಆ ಹಾದಿಯನ್ನೇ ಬಿಟ್ಟು ಪಶ್ಚಿಮಕ್ಕೆ ದೂರದಲ್ಲಿ ಹೊಸ ಹಳಿ ಹಾಕಿದರು. ರೈಲಿಗೆ ಹೆಸರು ಬಂದದ್ದು ಅದಕ್ಕೂ ಮುಂಚೆ ಅಲ್ಲಿ ಸಾಮಾನು ಸಾಗಿಸುತ್ತಿದ್ದ ಒಂಟೆಯವರಿಂದ. ಅವರನ್ನು ಎಲ್ಲರೂ ಅಫ್ಘಾನರು ಅಂತಲೇ ಕರೆದರೂ ಅನೇಕರು ಬ್ರಿಟಿಷ್ ಇಂಡಿಯಾದ ವಾಯವ್ಯ ಮೂಲೆಯವರು. ಒಟ್ಟಿನಲ್ಲಿ ಅಲ್ಲಿ ರೈಲು ಬಂತು, ಹೋಯಿತು, ಉಳಿದ ದಾರಿ ಜೀಪಿನವರ ಆಟಕ್ಕಾಯಿತು.

ನಮ್ಮಲ್ಲಿ ಕಥೆ ತಿರುವುಮುರುವು. ಜೀಪು, ಬಸ್ಸು, ಲಾರಿ ಎಲ್ಲ ಓಡಾಡಿ ಸುಸ್ತಾದ ಮೇಲೆ ರೈಲು ಬಂತು. ಹಾಗಾಗಿ ಗೆಳೆಯನಿಗೆ ಹೇಳಿದೆ: ಕಲಬುರಗಿಯಿಂದ ನಮ್ಮಪ್ಪನ ಊರು ಕಮಲಾಪುರದವರೆಗೆ ಬೀದರ್ ರೈಲಿನ ಹಳಿ ಪಕ್ಕದಲ್ಲೇ ಹೋಗೋಣ. ಹೆಚ್ಚೂಕಡಿಮೆ 35 ಕಿಲೋಮೀಟರ್. (ಪಕ್ಕದಲ್ಲಿ ಅಂದರೆ ರೈತರ ಬಂಡಿ ದಾರಿಯಲ್ಲಿ. ರೈಲ್ವೆ ಜಾಗದೊಳಗೆ ಗಾಡಿ ಇಳಿಸಿದರೆ 1989ರ ರೈಲ್ವೆ ಕಾಯ್ದೆ ಪ್ರಕಾರ ಆರು ತಿಂಗಳವರೆಗೆ ಜೈಲಾಗಬಹುದು. ರೀಲ್ಸ್ ಮಾಡುವವರು ಗಮನಿಸಿ.)

ಶುರು ಮಾಡಿದ್ದು ಕಲಬುರಗಿ ಸ್ಟೇಷನ್ನಿನಿಂದ. ಮುಂಬೈ–ಠಾಣೆ ನಡುವೆ ದೇಶದ ಮೊದಲ ಪ್ಯಾಸೆಂಜರ್ ರೈಲು ಓಡಿದ್ದು 1853ರಲ್ಲಿ. ಅದನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ 1860ಕ್ಕೆ ಸೋಲಾಪುರ ತಲುಪಿತು. 1871ರಲ್ಲಿ ರಾಯಚೂರಿಗೆ ಬಂದು, ಆ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯನ್ನು ಕೂಡಿತು. ಮ್ಯಾಪ್ ತೆಗೆದು ನೋಡಿ. ಸೋಲಾಪುರದಿಂದ ರಾಯಚೂರಿಗೆ ಆ ಗೆರೆ ಆಗ್ನೇಯಕ್ಕೆ ಇಳಿಯುತ್ತಾ ಹೋಗುತ್ತದೆ. ಅದರ ಕೆಲಸ ಮುಂಬೈಯನ್ನು ಮದ್ರಾಸಿಗೆ ಜೋಡಿಸುವುದು. ಅಂಚೆ, ಸೈನ್ಯ, ಸರಕು. ಲಂಡನ್ನಿನಲ್ಲಿ ಷೇರು ಕೊಂಡವರಿಗೆ 5 ಪರ್ಸೆಂಟ್ ಲಾಭ ಗ್ಯಾರಂಟಿ, ಕಡಿಮೆ ಬಿದ್ದರೆ ಸರ್ಕಾರ ತುಂಬಿಕೊಡಬೇಕು. ಇಂಥ ಷರತ್ತಿನ ಮೇಲೆ ಹಾಕಿದ ಹಳಿ ಅದು. ನಡುವಿನ ನೆಲ ನಿಜಾಮನದು. ಗುಲ್ಬರ್ಗಾ, ಶಹಾಬಾದ್, ಯಾದಗಿರಿ ದಾರಿಯಲ್ಲಿ ಸಿಕ್ಕವು, ಅವಕ್ಕೆ ಸ್ಟೇಷನ್ ಸಿಕ್ಕಿತು.

ದಾರಿಯಲ್ಲಿ ಸಿಗುವುದೂ ಸಣ್ಣ ಭಾಗ್ಯವಲ್ಲ. ಹಳಿ ಬಂದದ್ದಕ್ಕೆ 1880ರ ದಶಕದಲ್ಲಿ ಊರಿಗೆ ಮಹಬೂಬ್ ಶಾಹಿ ಮಿಲ್ ಬಂತು. ಹತ್ತಿ ಬೆಳೆಯುವ ನೆಲದಲ್ಲೇ ನೂಲು, ಬಟ್ಟೆ. ಇವತ್ತು ಮಿಲ್ ಇಲ್ಲ, ಆದರೆ ಆಟೋದವನಿಗೆ "ಎಂಎಸ್‌ಕೆ ಮಿಲ್" ಅಂದರೆ ಕೇಳದೇ ಕರೆದುಕೊಂಡು ಹೋಗುತ್ತಾನೆ. ಶಹಾಬಾದಿನ ಕಲ್ಲು, ಆಮೇಲೆ ಸಿಮೆಂಟು, ಎಲ್ಲಾ ಆ ಹಳಿಯ ಮಕ್ಕಳೇ.

ಎರಡನೇ ಹಳಿ 1874ರದು. ವಾಡಿಯಿಂದ ಕವಲೊಡೆದು ಹೈದರಾಬಾದಿಗೆ. ದಿವಾನ ಸಾಲಾರ್ ಜಂಗ್ ಕಾಲದಲ್ಲಿ, ನಿಜಾಮ ಸಂಸ್ಥಾನದ ದುಡ್ಡಿನಲ್ಲಿ ಆಗಿದ್ದು. ಸಿಕಂದರಾಬಾದಿನ ದಂಡನ್ನು ಮುಂಬೈಗೆ ಜೋಡಿಸಬೇಕೆಂಬ ಆಸೆ ಮಾತ್ರ ಬ್ರಿಟಿಷರದು. ಮುಂದೆ 1883ರಲ್ಲಿ ಇದನ್ನೂ ಲಂಡನ್ನಿನ ಕಂಪನಿಗೆ, ಅದೇ 5 ಪರ್ಸೆಂಟ್ ಗ್ಯಾರಂಟಿ ಮೇಲೆ ಒಪ್ಪಿಸಿದರು. ಆ ವಿಸ್ತರಣೆಯ ಯೋಜನೆಯನ್ನು ಹೈದರಾಬಾದಿನಲ್ಲಿ ಬಹಿರಂಗವಾಗಿ ವಿರೋಧಿಸಿದ ಪ್ರೊಫೆಸರ್ ಅಘೋರನಾಥ ಚಟ್ಟೋಪಾಧ್ಯಾಯರನ್ನು ಗಡಿಪಾರು ಮಾಡಿದರು. ಸರೋಜಿನಿ ನಾಯ್ಡು ಅವರ ಅಪ್ಪ. ರೈಲು ಯಾರಿಗಾಗಿ ಅಂತ ಆಗಲೇ ಕೇಳಿದವರು ಇದ್ದರು ಅಂತ ಈ ಮಾತು ಹೇಳಿದೆ.

ಈಗ ಇನ್ನೊಮ್ಮೆ ಮ್ಯಾಪ್. ಒಂದು ಗೆರೆ ಆಗ್ನೇಯಕ್ಕೆ, ವಾಡಿಯಿಂದ ಇನ್ನೊಂದು ಪೂರ್ವಕ್ಕೆ. ಕಮಲಾಪುರ ಇರುವುದು ಕಲಬುರಗಿಯ ಈಶಾನ್ಯಕ್ಕೆ, ಬೀದರ್ ಕಡೆ. ಆ ದಿಕ್ಕಿನಲ್ಲಿ ಮುಂಬೈಗೂ ಕೆಲಸವಿರಲಿಲ್ಲ, ಮದ್ರಾಸಿಗೂ ಇರಲಿಲ್ಲ. ಬೀದರಿಗೆ ಆಮೇಲೆ ರೈಲು ಬಂದಾಗಲೂ ವಿಕಾರಾಬಾದ್ ಕಡೆಯಿಂದ, ಅಂದರೆ ಹೈದರಾಬಾದಿನ ಮೂಲಕ ಬಂತು. ಕಲಬುರಗಿಯಿಂದ ಬೀದರಿಗೆ ರೈಲಿನಲ್ಲೇ ಹೋಗ್ತೀನಿ ಅಂದವನು ವಾಡಿ, ಸೇಡಂ, ತಾಂಡೂರು ದಾಟಿ ವಿಕಾರಾಬಾದಿಗೆ ಹೋಗಿ, ಅಲ್ಲಿಂದ ವಾಪಸ್ ಪಶ್ಚಿಮಕ್ಕೆ ಬರಬೇಕಿತ್ತು. ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿದ ಹಾಗೆ. ಯಾರೂ ಹೋಗುತ್ತಿರಲಿಲ್ಲ ಬಿಡಿ, ಬಸ್ಸಿತ್ತು.

ಆ ಕಂಪನಿಗಳು ಸತ್ತರೂ ಅವರ ಬೇಲಿ ಸತ್ತಿಲ್ಲ. ಕಲಬುರಗಿ ಸ್ಟೇಷನ್ ಇವತ್ತಿಗೂ ಮುಂಬೈ ಕೇಂದ್ರದ ಮಧ್ಯ ರೈಲ್ವೆಗೆ, ಸೋಲಾಪುರ ವಿಭಾಗಕ್ಕೆ ಸೇರಿದ್ದು. ವಾಡಿ ದಾಟಿದರೆ ವಲಯ ಬೇರೆ. ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕರ್ನಾಟಕದ ರೈಲ್ವೆ ಅಂದುಕೊಂಡಿರುವ ಬೆಂಗಳೂರಿನವರಿಗೆ ಇದು ಗೊತ್ತೇ ಇರುವುದಿಲ್ಲ. ಕಲಬುರಗಿಗೆ ತನ್ನದೇ ವಿಭಾಗ ಅಂತ ಘೋಷಣೆಯಾಗಿದ್ದು 2014ರಲ್ಲಿ.

ಇಷ್ಟನ್ನೂ ನಾನು ಹೇಳಿ ಮುಗಿಸುವಷ್ಟರಲ್ಲಿ ತಾಜಸುಲ್ತಾನಪುರ ದಾಟಿ ಹೈವೇ ಬಿಟ್ಟು ಬಂಡಿ ದಾರಿಗೆ ಇಳಿದಿದ್ದೆವು. ಎರಡೂ ಕಡೆ ಸೊಂಟದೆತ್ತರ ತೊಗರಿ. ಹಿಂದಿನ ರಾತ್ರಿ ಮಳೆಯಾಗಿತ್ತು. ಗೆಳೆಯ ಗೇರು ಎಳೆದು, ಖುಷಿಯಲ್ಲಿ ಕೇಕೆ ಹಾಕಿ, ಸರಿಯಾಗಿ ಇನ್ನೂರು ಅಡಿ ಓಡಿಸಿದ.

ಎರೆಮಣ್ಣಿನ ಗುಣವೇ ಅದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಸಿ ಇದ್ದಾಗ ಟೈರಿನ ಹಲ್ಲಿಗೆಲ್ಲ ತುಂಬಿಕೊಂಡು, ನಾಲ್ಕು ಸುತ್ತಿಗೆ ಟೈರನ್ನು ನುಣ್ಣನೆ ಕರಿ ಉಂಡೆ ಮಾಡಿಬಿಡುತ್ತದೆ. ಆಮೇಲೆ ಎರಡು ಗಾಲಿಗೆ ಶಕ್ತಿ ಹೋದರೆ ಎರಡು ಜಾರುತ್ತವೆ, ನಾಲ್ಕಕ್ಕೂ ಹೋದರೆ ನಾಲ್ಕೂ ಜಾರುತ್ತವೆ. ರೈಲಿನವರಿಗೂ ಇದೇ ತಲೆನೋವು. ಈ ಮಣ್ಣಿನ ಮೇಲೆ ನೇರವಾಗಿ ಹಳಿ ಹಾಕಿದರೆ ಮಳೆಗಾಲಕ್ಕೊಮ್ಮೆ ಏಳುತ್ತದೆ, ಬೇಸಿಗೆಗೊಮ್ಮೆ ಕೂರುತ್ತದೆ. ಅದಕ್ಕೇ ದಿಬ್ಬ ಕಟ್ಟಿ, ಮೇಲೆ ಗಟ್ಟಿ ಮುರುಮ್ ಹಾಸಿ, ಅದರ ಮೇಲೆ ಜಲ್ಲಿ ಸುರಿಯುವುದು. ನಾವು ಸಿಕ್ಕಿಬಿದ್ದ ಜಾಗದಿಂದ ಆ ದಿಬ್ಬ ಒಣಗಿ ಠೀವಿಯಿಂದ ನಿಂತಿದ್ದು ಕಾಣುತ್ತಿತ್ತು.

ಟ್ರ್ಯಾಕ್ಟರ್ ತಂದು ಎಳೆದ ಹಿರಿಯರು ಕೇಳಿದರು: "ಏನ್ರೀ ಸಾಹೇಬ್ರ, ಮಳಿಗಾಲ್ದಾಗ ಎರಿಗಿ ಯಾರರ ಗಾಡಿ ಇಳಸ್ತಾರೇನ್ರಿ?"

"ಇದು ಫೋರ್ ಬೈ ಫೋರ್" ಅಂದ ಗೆಳೆಯ, ಸಣ್ಣ ದನಿಯಲ್ಲಿ.

"ನಮ್ಮ ಎತ್ತಿಗೂ ನಾಕ ಕಾಲ್ರಿ. ಅವೂ ಇಳಿಯಂಗಿಲ್ಲ."

ಹೈವೇಗೆ ವಾಪಸ್ ಬಂದಾಗ ಮೇಲೂ ಒಳಗೂ ಜನ ತುಂಬಿದ್ದ ಕ್ರೂಸರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ರೈಲಿಲ್ಲದ ಕಾಲದಲ್ಲಿ ಈ ಸೀಮೆಯನ್ನು ಹೊತ್ತದ್ದು ಇಂಥವೇ. ಹೊಳಕುಂದಾದಲ್ಲಿ ರಸ್ತೆ ಪಕ್ಕಕ್ಕೇ ಬಹಮನಿ ಕಾಲದ ಗುಮ್ಮಟಗಳಿವೆ, ಇಳಿದು ನೋಡಿದೆವು. 1347ರಿಂದ ಕಲಬುರಗಿ ಬಹಮನಿಗಳ ರಾಜಧಾನಿ. 1420ರ ದಶಕದಲ್ಲಿ ಅಹ್ಮದ್ ಶಾಹ ಅದನ್ನು ಬೀದರಿಗೆ ಒಯ್ದ. ದರ್ಬಾರು, ದಂಡು, ಖಜಾನೆ ಎಲ್ಲ ಈಶಾನ್ಯಕ್ಕೇ ಹೋಯಿತು. ಇಡೀ ರಾಜಧಾನಿಯೇ ಹೋದ ದಿಕ್ಕಿಗೆ ಒಂದು ಪ್ಯಾಸೆಂಜರ್ ರೈಲು ಹೋಗಲು 2017 ಬರಬೇಕಾಯಿತು. 1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಕಾದದ್ದು ಆರು ದಶಕ. 110 ಕಿಲೋಮೀಟರಿನ ಕಲಬುರಗಿ–ಬೀದರ್ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಮರಗುತ್ತಿ ಹತ್ತಿರ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿದ್ದಾರೆ. ರಾಯಚೂರಿನ 1871ರಿಂದ ಲೆಕ್ಕ ಹಾಕಿದರೆ ಕಲಬುರಗಿಯ ಹಳಿ ಕಮಲಾಪುರ ಮುಟ್ಟಲು 146 ವರ್ಷ.

146 ವರ್ಷ ಅನ್ನುವುದು ಸುಮ್ಮನೆ ಅಂಕಿ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಅಳತೆ ಇದೆ.

ನಮ್ಮಪ್ಪ, ಕಾಕಾ ಇಬ್ಬರೂ 1970ರ ಸುಮಾರಿಗೆ ಮ್ಯಾಟ್ರಿಕ್ ಪಾಸಾದವರು. ಇಬ್ಬರಿಗೂ ಶಹಾಬಾದಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಪಾಳಿಗೆ ಕಲಬುರಗಿಯಿಂದ ಪ್ಯಾಸೆಂಜರ್ ಹಿಡಿದರೆ ಸಾಕು. ಆದರೆ ಕಮಲಾಪುರದಿಂದ ಆ ಹೊತ್ತಿಗೆ ಕಲಬುರಗಿ ಮುಟ್ಟುವ ಬಸ್ಸಿಲ್ಲ. ಸ್ಟೇಷನ್ ಹತ್ತಿರ ಖೋಲಿ ಹಿಡಿಯಬೇಕು. ಹೊಲ ಇತ್ತು, ಹಾಸಿಗೆ ಹಿಡಿದ ಅಜ್ಜಿ ಇದ್ದಳು. ರಾತ್ರಿ ಮನೆಗೆ ಬರುವವನೊಬ್ಬ ಬೇಕಿತ್ತು. ಅಪ್ಪ ಖೋಲಿ ಹಿಡಿದ. ಕಾಕಾ ಉಳಿದ. ಅಪ್ಪನಿಗೆ ಪಿಂಚಣಿ, ಕಲಬುರಗಿಯಲ್ಲಿ ಮನೆ, ನನಗೆ ಇಂಜಿನಿಯರಿಂಗ್, ಬೆಂಗಳೂರು. ಕಾಕಾನಿಗೆ ಹೊಲ, ಕಮಲಾಪುರದ ಕೆಂಪು ಬಾಳೆ. ಜಿಐ ಪಟ್ಟ ಸಿಕ್ಕ ಬಾಳೆ ಅದು, ಗೊನೆ ಕೈಗೆ ಬರಲು ಒಂದೂವರೆ ವರ್ಷದ ಹತ್ತಿರ ಬೇಕು. ಅವನ ಮಕ್ಕಳು ಹೊಲ ಬಿಟ್ಟು ಪುಣೆಗೆ ಹೋದದ್ದು ರೈಲು ಬರುವುದಕ್ಕೆ ಮೂರು ವರ್ಷ ಮುಂಚೆ, ಬಸ್ಸಿನಲ್ಲಿ.

ನಾವು ಹೋದಾಗ ಕಾಕಾ ಕಟ್ಟೆ ಮೇಲೆ ಕೂತಿದ್ದ. ಗಾಡಿಗೆ ಮೆತ್ತಿದ್ದ ಮಣ್ಣು ನೋಡಿ ನಕ್ಕ. "ಎರಿಗಿ ಇಳದಿದ್ರೇನು ತಮ್ಮಾ?" ಅಂತ ಕೇಳಿ ನಮ್ಮ ಉತ್ತರಕ್ಕೆ ಕಾಯಲಿಲ್ಲ. ಸಂಜೆ ಹೊಲಕ್ಕೆ ಕರೆದುಕೊಂಡು ಹೋದ. ಎರಡು ಎಕರೆ ಹಳಿಗೆ ಹೋಗಿದೆ, ಉಳಿದದ್ದು ಈ ಕಡೆ ಅರ್ಧ, ಆ ಕಡೆ ಅರ್ಧ. ಬಂದ ದುಡ್ಡಿನಲ್ಲಿ ಮಗಳ ಮದುವೆ ಆಯಿತು. ಸಿಟ್ಟು ಬರಲಿಲ್ವಾ ಅಂತ ಗೆಳೆಯ ಕೇಳಿಯೇಬಿಟ್ಟ.

"ಸಿಟ್ಟ್ಯಾಕ್ರಿ? ಟೇಶನ್ ಬೇಕಂತ ಅರ್ಜಿಗಿ ಸಹಿ ಮಾಡಿದವ್ರಾಗ ನಾನೂ ಒಬ್ಬ. ಆಗ ಮೀಸಿ ಕರಿ ಇದ್ವು." ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿದ. "ಆಗ ಇದು ಇದ್ದಿದ್ರ ಎರಡೂ ಆಗ್ತಿತ್ತು ನೋಡು. ನೌಕರಿನೂ, ಅವ್ವನೂ."

ಬೀದರ್ ಕಡೆಯಿಂದ ಡೆಮು ಬಂತು. ಕಾಕಾ ಗಡಿಯಾರ ನೋಡಿಕೊಂಡ. "ಇವತ್ತ ಹನ್ನೆರಡು ಮಿನಿಟ್ ಲೇಟ್." ಕಿಟಕಿಯಲ್ಲಿ ಕೂತ ಕಾಲೇಜು ಹುಡುಗರು ನಮ್ಮ ಥಾರ್ ನೋಡಿ ಕೈ ಬೀಸಿದರು.

ನೀನು ಈ ರೈಲಿನಲ್ಲಿ ಹೋಗಿದ್ದೀಯಾ ಅಂತ ಕೇಳಿದೆ. ಹೋಗಿದ್ದ. ಶುರುವಾದ ವಾರವೇ, ಒಂದೇ ಸಲ. ಕಲಬುರಗಿಯಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ಚಹಾ ಕುಡಿದನಂತೆ. ಪಕ್ಕದ ಹಳಿಯಲ್ಲಿ ವಾಡಿ ಕಡೆ ಹೋಗುವ ಪ್ಯಾಸೆಂಜರ್ ನಿಂತಿತ್ತಂತೆ. ಅದು ಹೊರಡುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಬಂದ ರೈಲಿಗೇ ವಾಪಸ್ ಬಂದನಂತೆ.