ಎದೆಹಾಲಿನ ಚರಿತ್ರೆ: ಕೇರಿಯಿಂದ ಕೆಲವು ಟಿಪ್ಪಣಿಗಳು

1

ಎದೆಹಾಲನ್ನು ಅಮೃತವೆಂದು ಕರೆದು ಕೈಮುಗಿಯುವುದು ನಮ್ಮ ಸಾಹಿತ್ಯದ ಹಳೆಯ ಅಭ್ಯಾಸ. ದಲಿತ ಸಾಹಿತ್ಯವೂ ಇದರಿಂದ ಪೂರ್ತಿ ಪಾರಾಗಿಲ್ಲ. ನಮ್ಮ ಕವಿತೆಗಳಲ್ಲಿ ಅವ್ವ ಬರುತ್ತಾಳೆ, ಅವಳ ಬತ್ತಿದ ಎದೆ ಬರುತ್ತದೆ, ಅದನ್ನು ಚೀಪುವ ಕೂಸು ಬರುತ್ತದೆ. ಓದಿದವರ ಕಣ್ಣು ಒದ್ದೆಯಾಗುತ್ತದೆ. ಆದರೆ ಆ ಎದೆ ಯಾಕೆ ಬತ್ತಿತು ಅಂತ ವಿಮರ್ಶೆ ಕೇಳಿದ್ದು ಕಡಿಮೆ. ಬಡತನ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಬಡತನ ಇಲ್ಲಿ ಅರ್ಧ ಉತ್ತರ ಮಾತ್ರ. ವೈದ್ಯಶಾಸ್ತ್ರ ಇವತ್ತು ಹೇಳುವ ಸಂಗತಿ ಬೇರೆ ಇದೆ. ಅರೆಹೊಟ್ಟೆ ಉಣ್ಣುವ ತಾಯಿಯ ಮೈ ಕೂಡ ಸಾಮಾನ್ಯವಾಗಿ ಕೂಸಿಗೆ ಬೇಕಾದಷ್ಟು ಹಾಲು ಮಾಡುತ್ತದೆ. ತನ್ನ ಮಾಂಸಖಂಡ ಕರಗಿಸಿ, ಮೂಳೆಯ ಸುಣ್ಣ ತೆಗೆದು ಮಾಡುತ್ತದೆ. ಸೊರಗುವವಳು ತಾಯಿ. ಹಾಲು ನಿಲ್ಲುವುದು ಬಹುಮಟ್ಟಿಗೆ ಇನ್ನೊಂದು ಕಾರಣಕ್ಕೆ: ಕೂಸು ಚೀಪಿದಷ್ಟೂ ಹಾಲು ಬರುತ್ತದೆ, ಚೀಪುವುದು ತಪ್ಪಿದರೆ ಎದೆ ಕಟ್ಟಿಕೊಂಡು, ನೋವಾಗಿ, ದಿನ ಕಳೆದಂತೆ ಇಂಗುತ್ತದೆ. ಅಂದರೆ ತಾಯಿ ಮತ್ತು ಕೂಸಿನ ನಡುವೆ ಎಂಟು ಹತ್ತು ಗಂಟೆಯ ಕೂಲಿಯನ್ನು ತಂದು ನಿಲ್ಲಿಸಿದವರು ಯಾರೋ ಅವರೇ ಆ ಎದೆಯನ್ನು ಬತ್ತಿಸಿದವರು. ಹೀಗೆ ನೋಡಿದಾಗ ಎದೆಹಾಲಿಗೆ ಒಂದು ಚರಿತ್ರೆ ಇರುವುದು ಕಾಣತೊಡಗುತ್ತದೆ. ಬಾಣಂತಿಗೆ ಬುದ್ಧಿ ಹೇಳಿದವರು ಯಾರು, ಆ ಬುದ್ಧಿಯಂತೆ ನಡೆಯುವ ಬಿಡುವು ಯಾರಿಗಿತ್ತು? ಈ ಎರಡು ಪ್ರಶ್ನೆಗಳನ್ನು ಹಿಡಿದು ಆ ಚರಿತ್ರೆಯ ಕೆಲವು ಪುಟಗಳನ್ನು ಇಲ್ಲಿ ತಿರುವಿ ಹಾಕಬಹುದು.

2

ಬುದ್ಧಿ ಹೇಳಿದವರಲ್ಲಿ ಶಾಸ್ತ್ರಕಾರರು ಮೊದಲಿಗರು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಕೂಸಿಗೆ ಹಾಲೂಡುವ ದಾದಿ ಹೇಗಿರಬೇಕು ಎಂಬ ಉದ್ದನೆಯ ಪಟ್ಟಿ ಇದೆ. ಆಕೆ ಪ್ರಾಯದವಳಾಗಿರಬೇಕು, ರೋಗವಿಲ್ಲದವಳಾಗಿರಬೇಕು, ಪ್ರೀತಿಯುಳ್ಳವಳಾಗಿರಬೇಕು. ಇಲ್ಲಿಯವರೆಗೆ ಸರಿ. ಅದೇ ಉಸಿರಿನಲ್ಲಿ ಪಟ್ಟಿ ಮುಂದುವರಿಯುತ್ತದೆ: ಕೂಸಿನ ವರ್ಣದವಳೇ ಆಗಿರಬೇಕು, ಕೀಳು ಕೆಲಸ ಮಾಡುವವಳಾಗಿರಬಾರದು, ಅಂತ್ಯಾವಸಾಯಿಯಾಗಿರಬಾರದು, ಅವಳ ಸ್ವಂತ ಕೂಸು ಬದುಕಿರಬೇಕು, ಅದೂ ಗಂಡಾಗಿರಬೇಕು. ಸುಶ್ರುತಸಂಹಿತೆ ಕೂಡ ದಾದಿಯನ್ನು ವರ್ಣಕ್ಕೆ ತಕ್ಕಂತೆ ಆರಿಸಬೇಕೆನ್ನುತ್ತದೆ. ಹಾಲಿನ ಗುಣ, ಜಾತಿ, ಹೆಣ್ಣು ಹೆತ್ತವಳ ಕೀಳರಿಮೆ ಎಲ್ಲವೂ ಒಂದೇ ಪಟ್ಟಿಯಲ್ಲಿ ಕೂತಿವೆ. ಇದನ್ನು ಬರೀ ಆರೋಗ್ಯಶಾಸ್ತ್ರವೆಂದು ಓದಿಕೊಂಡು ಬಂದವರಿಗೆ ಇದರಲ್ಲಿ ವರ್ಣವ್ಯವಸ್ಥೆ ಕಾಣದೇ ಹೋದದ್ದು ಆಶ್ಚರ್ಯವಲ್ಲ. ಪಟ್ಟಿಯಿಂದ ಹೊರಗಿಟ್ಟವರು ಓದುಗರ ಸಾಲಿನಲ್ಲೂ ಇರಲಿಲ್ಲ.

ಪುರಾಣದ ಪೂತನಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಕುಲಕ್ಕೆ ಸೇರದ ಹೆಣ್ಣೊಬ್ಬಳು ಎದೆ ಕೊಡಲು ಬಂದರೆ ಅದರಲ್ಲಿ ವಿಷವೇ ಇರುತ್ತದೆ ಎಂಬ ಅಂಜಿಕೆಗೆ ಕೊಟ್ಟ ಆಕಾರ ಅವಳು ಎಂದು ನನಗೆ ಅನ್ನಿಸುತ್ತದೆ. ರಕ್ಕಸಿಯ ಎದೆ ವಿಷ, ಯಶೋದೆಯ ಎದೆ ಅಮೃತ. ನಡುವೆ ಯಾವ ಹೆಣ್ಣಿಗೂ ಜಾಗವಿಲ್ಲ.

ಸುಶ್ರುತಸಂಹಿತೆಯಲ್ಲಿ ಇನ್ನೊಂದು ಮಾತಿದೆ. ಹೆತ್ತ ಮೂರು ನಾಲ್ಕು ರಾತ್ರಿ ಕಳೆದ ಮೇಲೆ ಹಾಲು ಇಳಿಯುತ್ತದೆ, ಅಲ್ಲಿಯವರೆಗೆ ಜೇನು ತುಪ್ಪ ನೆಕ್ಕಿಸಬೇಕು ಎಂಬುದು ಅದರ ಭಾವ. ಮೊದಲ ದಿನಗಳಲ್ಲಿ ಬರುವ ಹಳದಿ, ಮಂದ ಹಾಲು ಲೆಕ್ಕಕ್ಕೇ ಬರಲಿಲ್ಲ. ‘ಅದು ಕೆಟ್ಟ ಹಾಲು, ಹಿಂಡಿ ಚೆಲ್ಲವ್ವ’ ಎನ್ನುವ ಮಾತು ಊರಿನಲ್ಲೂ ಇತ್ತು, ಕೇರಿಯಲ್ಲೂ ಇತ್ತು. ಹಸು ಈದರೆ ಗಿಣ್ಣು ಕಾಸಿ ಬೆಲ್ಲ ಹಾಕಿ ತಿನ್ನುವ ನಾವೇ ತಾಯಿಯ ಗಿಣ್ಣನ್ನು ನೆಲಕ್ಕೆ ಹಿಂಡಿದ್ದೇವೆ. ಆ ಹಳದಿ ಹಾಲಿನಲ್ಲಿ ರೋಗ ತಡೆಯುವ ಅಂಶಗಳು ತುಂಬಿರುತ್ತವೆ, ಅದು ಕೂಸಿನ ಮೊದಲ ಲಸಿಕೆ ಇದ್ದ ಹಾಗೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಆರು ತಿಂಗಳು ಬೇರೇನೂ ಬೇಡ, ನೀರೂ ಬೇಡ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇರಿಯದೆಲ್ಲ ಒಳ್ಳೆಯದು, ಶಾಸ್ತ್ರದ್ದೆಲ್ಲ ಕೆಟ್ಟದ್ದು ಎಂದು ಇಲ್ಲಿ ವಾದ ಹೂಡಿದರೆ ನಮ್ಮ ಕೂಸುಗಳಿಗೇ ನಷ್ಟ.

3

ಶಾಸ್ತ್ರಕಾರರು ಬರೆದರು. ಬಾಣಂತಿಯ ಮಗ್ಗುಲಲ್ಲಿ ಕೂತು ಕೈಯಾರೆ ಕೆಲಸ ಮಾಡಿದವಳು ಸೂಲಗಿತ್ತಿ. ನಮ್ಮಲ್ಲಿ ಕೆಲವು ಕಡೆ ಹೊಲೆಯ ಮಾದಿಗರ ಮುದುಕಿಯರು, ಕೆಲವು ಕಡೆ ನಾಯಿಂದರ ಹೆಂಗಸರು, ಇನ್ನು ಕೆಲವು ಕಡೆ ಯಾವ ಜಾತಿಯವಳಾದರೂ ಸರಿ, ಕೈಗುಣ ಇದ್ದ ಅಜ್ಜಿ ಈ ಕೆಲಸ ಮಾಡುತ್ತಿದ್ದರು. ಉತ್ತರ ಭಾರತದ ಬಹಳ ಕಡೆ ಇದು ಚಮ್ಮಾರ ಹೆಂಗಸರ ಪಾಲಿಗೆ ಬಂತು. ಕಾರಣ ಸರಳ. ಹೆರಿಗೆ ಮೈಲಿಗೆ, ಹೊಕ್ಕುಳ ಬಳ್ಳಿ ಕೊಯ್ಯುವುದು ಇನ್ನೂ ಮೈಲಿಗೆ. ಆ ಮೈಲಿಗೆಯ ದಿನಗಳಲ್ಲಿ ಅವಳು ಒಳಮನೆಗೆ ಬರಬಹುದು, ಕೂಸನ್ನು ಮುಟ್ಟಬಹುದು, ಎದೆ ಕಟ್ಟಿದ ಬಾಣಂತಿಗೆ ಬಿಸಿನೀರಿನ ಕಾವು ಕೊಟ್ಟು ಹಾಲು ಬಿಡಿಸಬಹುದು. ಹನ್ನೊಂದು ದಿನ ಕಳೆದು ಮನೆ ತೊಳೆದ ಮೇಲೆ ಅದೇ ಕೈ ಹೊಸ್ತಿಲಾಚೆ ನಿಲ್ಲಬೇಕು. ಮೊರದಲ್ಲಿ ಹಾಕಿದ ಅಕ್ಕಿ, ಒಂದು ಹಳೇ ಸೀರೆ, ಅಷ್ಟೇ ಅವಳ ಸಂಬಳ.

ಸಬ್ಬಸಿಗೆ ಸೊಪ್ಪು ತಿನ್ನು, ಬೆಳ್ಳುಳ್ಳಿ ತಿನ್ನು, ರಾತ್ರಿ ಕೂಸನ್ನು ಮಗ್ಗುಲಲ್ಲೇ ಮಲಗಿಸಿಕೊ, ಒಂದು ಎದೆ ಖಾಲಿಯಾದ ಮೇಲೆ ಇನ್ನೊಂದು ಕೊಡು: ಇವು ಅವಳ ಬಾಯಿಯಿಂದ ಬಂದ ಬುದ್ಧಿಮಾತುಗಳು. ಸೊಪ್ಪಿನಿಂದ ಹಾಲು ಹೆಚ್ಚುತ್ತದೆಯೇ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ರಾತ್ರಿ ಹಾಲೂಡಿದರೆ ಹೆಚ್ಚುತ್ತದೆ ಎಂಬುದಕ್ಕೆ ಇದೆ.

ಬ್ರಿಟಿಷರ ಕಾಲಕ್ಕೆ ಈ ಸೂಲಗಿತ್ತಿ ಅಪರಾಧಿಯಾದಳು. 1885ರಲ್ಲಿ ಡಫರಿನ್ ನಿಧಿ ಬಂತು, 1903ರಲ್ಲಿ ದಾಯಿಯರಿಗೆ ತರಬೇತಿ ಕೊಡಲು ವಿಕ್ಟೋರಿಯಾ ಸ್ಮಾರಕ ನಿಧಿ ಬಂತು. ಇವುಗಳಿಂದ ಉಪಕಾರವಾಗಿಲ್ಲ ಎಂದಲ್ಲ. ಕೊಳಕು ಕತ್ತಿ, ಕೊಳಕು ಬಟ್ಟೆಯಿಂದ ಧನುರ್ವಾಯು ಬಂದು ಕೂಸುಗಳು ಸಾಯುತ್ತಿದ್ದುದು ನಿಜ. ಆದರೆ 1927ರಲ್ಲಿ ಬಂದ ಕ್ಯಾಥರೀನ್ ಮೇಯೋಳ ‘ಮದರ್ ಇಂಡಿಯಾ’ದಲ್ಲಿ ದಾಯಿಯ ಚಿತ್ರ ಮಾಟಗಾತಿಯ ಚಿತ್ರದಂತಿದೆ. ಮೇಯೋಳ ಮೇಲೆ ಸಿಡಿದೆದ್ದ ಮೇಲ್ಜಾತಿಯ ದೇಶಭಕ್ತರು ತಮ್ಮ ಮಾನಕ್ಕಾಗಿ ಎದ್ದರೇ ಹೊರತು ಈ ಮುದುಕಿಯ ಮಾನಕ್ಕಾಗಿ ಅಲ್ಲ. ಅವಳ ಕೈ ಕೊಳಕಾಗಿದ್ದರೆ ಆ ಕೈ ತೊಳೆಯಲು ಊರ ಬಾವಿಯ ನೀರು ಕೊಡದವರು ಯಾರು ಎಂದು ಇಬ್ಬರೂ ಕೇಳಲಿಲ್ಲ.

4

ಇನ್ನು ಬಿಡುವಿನ ಮಾತು. ಊರಿನ ಮನೆಯಲ್ಲಿ ಮೂರು ತಿಂಗಳೋ ಐದು ತಿಂಗಳೋ ಬಾಣಂತನ. ಕೊಬ್ಬರಿ, ತುಪ್ಪ, ಅಂಟಿನ ಉಂಡೆ. ಕೇರಿಯಲ್ಲಿ ಕೆಲವೇ ವಾರಕ್ಕೆ ಗದ್ದೆಗೆ ಇಳಿಯಬೇಕು. ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಹಾಕಿ ನಾಟಿಯ ಸಾಲಿಗೆ ನಿಲ್ಲಬೇಕು. ಕೂಸು ಅತ್ತರೆ ಸಾಲು ಬಿಡುವ ಹಾಗಿಲ್ಲ. ರವಿಕೆ ಒದ್ದೆಯಾಗುವುದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾಟಿ ಹಾಕಿದವರು ನಮ್ಮವ್ವಂದಿರು. ಕನ್ನಡದ ಮಕ್ಕಳೆಲ್ಲ ಗೋವಿನ ಹಾಡು ಕಲಿಯುತ್ತಾರೆ. ಕರುವಿಗೆ ಹಾಲೂಡಿ ಬರುತ್ತೇನೆ ಎಂದು ಪುಣ್ಯಕೋಟಿ ಕೇಳುತ್ತದೆ, ಹುಲಿ ಬಿಡುತ್ತದೆ. ನಮ್ಮ ವಿಮರ್ಶಕರು ಅದರಲ್ಲಿ ಸತ್ಯದ ಮಹಿಮೆ ಕಂಡಿದ್ದಾರೆ. ಕೂಲಿಗೆ ಹೋದ ಹೆಂಗಸು ಕೇಳಿಸಿಕೊಂಡರೆ ಅವಳಿಗೆ ಮೊದಲು ಕಾಣುವುದು ಹುಲಿ ಕೊಟ್ಟ ಬಿಡುವು. ಧಣಿ ಅಷ್ಟನ್ನೂ ಕೊಡಲಿಲ್ಲ.

ಊರು ಬಿಟ್ಟು ಮುಂಬಯಿ ಗಿರಣಿಗಳಿಗೆ ಹೋದವರ ಪಾಡು ಬೇರೆಯಾಗಲಿಲ್ಲ. 1920ರ ದಶಕದ ಆರಂಭದಲ್ಲಿ ಮುಂಬಯಿ ಸರ್ಕಾರದ ಪರವಾಗಿ ಗಿರಣಿ ಹೆಂಗಸರ ಸ್ಥಿತಿಯನ್ನು ಪರಿಶೀಲಿಸಿದ ಡಾ. ಬಾರ್ನ್ಸ್ ಎಂಬ ವೈದ್ಯೆ ಕಂಡದ್ದು ಇದು: ಗಿರಣಿ ಕೆಲಸದ ತಾಯಂದಿರ ಕೂಸುಗಳಲ್ಲಿ ಬಹುಪಾಲು ಅಫೀಮು ತಿಂದು ಮಲಗಿರುತ್ತಿದ್ದವು. ಬಾಲಗೋಳಿ ಎಂಬ ಸಣ್ಣ ಗುಳಿಗೆ. ತಾಯಿ ಬರುವವರೆಗೆ ಕೂಸು ಅಳದಿರಲಿ ಅಂತ. ಅಳದ ಕೂಸು ಚೀಪುವುದಿಲ್ಲ, ಚೀಪದ ಎದೆಯಲ್ಲಿ ಹಾಲು ನಿಲ್ಲುವುದಿಲ್ಲ.

ಈ ಹಿನ್ನೆಲೆಯಲ್ಲಿ ಅಂಬೇಡ್ಕರ್ 1928ರ ಜುಲೈನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯ ಪರವಾಗಿ ಆಡಿದ ಮಾತನ್ನು ಓದಬೇಕು. ಹೆರಿಗೆಗೆ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಆದ್ದರಿಂದ ಇದರ ಹೊರೆಯನ್ನು ಬಹುಪಾಲು ಸರ್ಕಾರ ಹೊರಬೇಕು, ಹೆಂಗಸರ ದುಡಿಮೆಯಿಂದ ಲಾಭ ಮಾಡಿಕೊಳ್ಳುವ ಮಾಲೀಕನೂ ತನ್ನ ಪಾಲು ಕೊಡಬೇಕು ಎಂಬುದು ಅವರ ವಾದದ ತಿರುಳು. ತಾಯಿಯನ್ನು ದೇವತೆ ಮಾಡಲು ಹೋಗದೆ ಅವಳಿಗೆ ಸಂಬಳ ಸಹಿತ ರಜೆ ಕೇಳಿದರು. 1929ರಲ್ಲಿ ಕಾನೂನು ಬಂತು.

ಅದೇ 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಇನ್ನೊಂದು ಪ್ರಶ್ನೆ ಎತ್ತಿದ್ದರು. ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಲಾಳಿಯ ತೂತಿನಲ್ಲಿ ನೂಲನ್ನು ಬಾಯಿಂದ ಚೀಪಿ ಎಳೆಯಬೇಕು, ನಮ್ಮವರ ಎಂಜಲು ತಾಗುತ್ತದೆ ಎಂಬುದು ನೆಪ. ದಾದಿಯ ಹಾಲಿಗೆ ವರ್ಣ ಹುಡುಕಿದ ಬುದ್ಧಿಯೇ ಗಿರಣಿಯ ಲಾಳಿಯಲ್ಲಿ ಎಂಜಲು ಹುಡುಕಿತು. ಕಡಿಮೆ ಕೂಲಿಯ ವಿಭಾಗದಲ್ಲಿ ಉಳಿದ ಗಂಡನ ಹೆಂಡತಿ ಹಸಿ ಮೈಯಲ್ಲೇ ಕೆಲಸಕ್ಕೆ ಓಡಬೇಕಾಯಿತು. ಎರಡೂ ಒಂದೇ ಸರಪಳಿಯ ಕೊಂಡಿಗಳು.

1961ರ ಹೆರಿಗೆ ಸೌಲಭ್ಯ ಕಾಯಿದೆ ಕೂಸಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವನ್ನು ಹಕ್ಕಾಗಿ ಕೊಟ್ಟಿತು. 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು, 50 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುಗೃಹ ಇರಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಮುಂದುವರಿದಿವೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಳೆ ಕೀಳುವವಳು, ಇಟ್ಟಿಗೆ ಹೊರುವವಳು, ಬೆಳಗಿನ ಜಾವ ಬೀದಿ ಗುಡಿಸಲು ಗುತ್ತಿಗೆದಾರನ ಕೈಕೆಳಗೆ ನಿಲ್ಲುವವಳು ಹಾಜರಿ ಪುಸ್ತಕ ಹಿಡಿದು ಈ ಬಿಡುವು ಕೇಳುವುದು ಹೇಗೆ? ಕೇಳಿದರೆ ನಾಳೆಯಿಂದ ಬರಬ್ಯಾಡ ಅಂತಾನೆ. ದಲಿತ ಹೆಂಗಸರು ಹೆಚ್ಚಾಗಿರುವುದು ಇಂಥ ಕೆಲಸಗಳಲ್ಲಿ.

5

ಬಿಡುವಿಲ್ಲದ ಕಡೆ ಡಬ್ಬಿ ಹಾಲು ಬಂತು. ಬಡದೇಶಗಳಲ್ಲಿ ಕಂಪನಿಗಳು ಹಾಲಿನ ಪುಡಿ ಮಾರುವ ರೀತಿಯನ್ನು 1974ರಲ್ಲಿ ‘ದಿ ಬೇಬಿ ಕಿಲ್ಲರ್’ ಎಂಬ ಕಿರುಹೊತ್ತಿಗೆ ಬಯಲಿಗೆಳೆಯಿತು. 1977ರಲ್ಲಿ ನೆಸ್ಲೆ ಬಹಿಷ್ಕಾರದ ಚಳವಳಿ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಈ ಮಾರಾಟಕ್ಕೆ ಸಂಹಿತೆ ಮಾಡಿದಾಗ ವಿರೋಧಿಸಿ ಮತ ಹಾಕಿದ್ದು ಅಮೆರಿಕ ಒಂದೇ. ನಮ್ಮಲ್ಲಿ 1992ರಲ್ಲಿ ಕಾನೂನು ಬಂತು, 2003ರಲ್ಲಿ ಬಿಗಿಯಾಯಿತು. ಜಾಹೀರಾತು, ಪುಕ್ಕಟೆ ಡಬ್ಬಿ ಎಲ್ಲಕ್ಕೂ ನಿಷೇಧ.

ಕೇರಿಯ ಮಟ್ಟಿಗೆ ಇದು ನೀರಿನ ಪ್ರಶ್ನೆ ಕೂಡ. ಪುಡಿ ಕಲಸಲು ಶುದ್ಧ ನೀರು ಬೇಕು, ಸೀಸೆ ಕುದಿಸಲು ಸೌದೆ ಬೇಕು. ದುಡ್ಡು ಸಾಲದೆ ಒಂದು ಡಬ್ಬಿಯನ್ನು ಎರಡು ಡಬ್ಬಿಯ ದಿನಕ್ಕೆ ಎಳೆದರೆ ಕೂಸಿನ ಹೊಟ್ಟೆಗೆ ಹೋಗುವುದು ಬಿಳಿ ನೀರು. 1927ರಲ್ಲಿ ಮಹಾಡದ ಚೌದಾರ್ ಕೆರೆಯಲ್ಲಿ ಎದ್ದ ಪ್ರಶ್ನೆ ಹಾಲಿನ ಸೀಸೆಯೊಳಗೂ ಇದೆ.

6

ಹಾಗಾದರೆ ಏನು ಮಾಡಬೇಕು? ತಾಯಿಗೆ ಹಾಲು ಕೊಡು ಎಂದು ಉಪದೇಶ ಮಾಡುವ ಗೋಡೆ ಬರಹಗಳು ಸಾಕಷ್ಟಿವೆ. ಕೆಲಸಕ್ಕೆ ಹೋಗಲೇಬೇಕಾದ ತಾಯಿಗೆ ಬೇಕಿರುವುದು ಉಪಾಯ. ಶುದ್ಧ ಕೈಯಿಂದ ಹಾಲನ್ನು ಶುದ್ಧ ಲೋಟಕ್ಕೆ ಹಿಂಡಿ ಮುಚ್ಚಿಟ್ಟರೆ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ಗಂಟೆ ಕೆಡುವುದಿಲ್ಲ. ತಗಡಿನ ಮಾಡಿನ ಕೆಳಗೆ ಬೇಸಗೆಯಲ್ಲಿ ಅಷ್ಟು ಹೊತ್ತು ನಂಬುವ ಹಾಗಿಲ್ಲ. ಸೀಸೆ ಬೇಡ, ನಮ್ಮ ಅಜ್ಜಿಯರ ಒಳಲೆ ಸಾಕು, ತೊಳೆಯುವುದೂ ಸುಲಭ. ಹೋಗುವ ಮುಂಚೆ ಒಮ್ಮೆ, ಬಂದ ಕೂಡಲೆ ಒಮ್ಮೆ, ರಾತ್ರಿ ಕೇಳಿದಾಗಲೆಲ್ಲ ಹಾಲೂಡಿದರೆ ಎದೆ ಬತ್ತುವುದಿಲ್ಲ. ಎದೆ ಕಟ್ಟಿ ಜ್ವರ ಬಂದರೆ ಹಾಲು ನಿಲ್ಲಿಸದೆ ಆಸ್ಪತ್ರೆಗೆ ಹೋಗಬೇಕು. 1975ರಲ್ಲಿ ಕರ್ನಾಟಕದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಟಿ. ನರಸೀಪುರದಲ್ಲಿ ಶುರುವಾದಂದಿನಿಂದ ಅಂಗನವಾಡಿ ನಮ್ಮ ನಡುವೆ ಇದೆ. ಆರು ತಿಂಗಳ ಕೂಸನ್ನು ಕೂಲಿಯ ಹೊತ್ತಿನಲ್ಲಿ ನೋಡಿಕೊಳ್ಳುವ ಜಾಗ ಕೇರಿಗೊಂದು ಬೇಕು ಎಂಬುದನ್ನು ಭೂಮಿಯ ಬೇಡಿಕೆಯ ಜೊತೆಗೇ ಬರೆಯಬೇಕು.

ಚಳವಳಿಯ ಗಂಡಸರಿಗೂ ಒಂದು ಮಾತಿದೆ. ಅವ್ವನ ಮೇಲೆ ಕವಿತೆ ಓದಿ ಚಪ್ಪಾಳೆ ತೆಗೆದುಕೊಂಡು ಮನೆಗೆ ಬಂದವನು ಹೆಂಡತಿ ಹಾಲೂಡುವ ಹೊತ್ತಿಗೆ ನೀರು ತರುತ್ತಾನೋ, ಅನ್ನಕ್ಕಿಡು ಅನ್ನುತ್ತಾನೋ? ಈ ಪ್ರಶ್ನೆಯೂ ದಲಿತ ವಿಮರ್ಶೆಯದೇ.

1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಏಷ್ಯಾದಲ್ಲೇ ಮೊದಲನೆಯದೆನ್ನುವ ಎದೆಹಾಲಿನ ಬ್ಯಾಂಕ್ ಆರಂಭವಾಯಿತು. ಹಾಲು ಹೆಚ್ಚಾದ ತಾಯಂದಿರು ಕೊಟ್ಟದ್ದನ್ನು ಇಂಥ ಕಡೆ ಕೂಡಿಸಿ, 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತೂಕವಿಲ್ಲದೆ ಹುಟ್ಟಿದ ಕೂಸುಗಳಿಗೆ ಕೊಡುತ್ತಾರೆ. ಆ ಹಾಲು ಯಾರದು ಎಂದು ಕೂಸಿಗೆ ಗೊತ್ತಿರುವುದಿಲ್ಲ. ಕೊಟ್ಟವಳ ರಕ್ತ ಪರೀಕ್ಷೆ ಮಾಡುತ್ತಾರೆ, ರೋಗ ಇದೆಯೇ ನೋಡುತ್ತಾರೆ. ಚರಕನ ಪಟ್ಟಿಯಲ್ಲಿ ಉಳಿದದ್ದು ಅಷ್ಟು ಮಾತ್ರ. ಗದ್ದೆಯ ಬದುವಿನಲ್ಲಿ, ಗುಡಿಸುವ ಬೀದಿಯಲ್ಲಿ ಹಾಲೂಡುವ ಎರಡು ಬಿಡುವುಗಳು ಮಾತ್ರ ಇನ್ನೂ ಬರಬೇಕಾಗಿವೆ. ಅವನ್ನು ಕೇಳುವುದು ಕವಿತೆಗಿಂತ ಸಣ್ಣ ಕೆಲಸವಲ್ಲ.