ಸದ್ದಿನ ಹಕ್ಕು

ಕೊಟ್ಟೂರಿನ ತೇರಿಗೆ ಬರುವವರೆಲ್ಲ ತೇರು ನೋಡುವುದಕ್ಕೇ ಬರುತ್ತಾರೆಂದು ತಿಳಿಯಬಾರದು. ಪಲ್ಲಕ್ಕಿಯ ಮುಂದೆ ಈ ಸಲ ಯಾವ ಊರಿನ ಸಮಾಳದವರು ನಿಂತಿದ್ದಾರೆ, ನಂದಿಕೋಲು ಹೊತ್ತವನು ಯಾರು, ಹೋದ ವರ್ಷ ಎಡಗಡೆ ಬಾರಿಸುತ್ತಿದ್ದ ಮುದುಕ ಕಾಣಲಿಲ್ಲವಲ್ಲ ಎಂದು ಹುಡುಕುತ್ತ ಜನರ ನಡುವೆ ತೂರಿಕೊಂಡು ಬರುವ ಒಂದು ಬಗೆಯವರಿದ್ದಾರೆ. ನಾನೂ ಅವರ ಪೈಕಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳಲ್ಲಿ, ಅಂದರೆ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಿಂದ ಹೊಸಪೇಟೆಯೊಂದನ್ನು ತೆಗೆದರೆ ಉಳಿಯುವಷ್ಟರಲ್ಲಿ, ನಮ್ಮಂಥವರಿಗೆ ವರ್ಷದಲ್ಲಿ ಬಿಡುವು ಕಡಿಮೆ.

ಸಮಾಳ ಕೇಳದವರಿಗೆ ಇಷ್ಟು ಹೇಳಬೇಕು. ಮೈಗೆ ತೂಗುಹಾಕಿಕೊಂಡು ನಡೆಯುತ್ತ ಬಾರಿಸುವ ಚರ್ಮವಾದ್ಯ ಅದು. ನಂದಿಕೋಲಿನ ಜೊತೆ ಬರುತ್ತದೆ, ವೀರಭದ್ರನ ಪುರವಂತರ ಜೊತೆ ಬರುತ್ತದೆ. ಪುರವಂತರು ಒಡಪು ಹೇಳುವಾಗ ವಾದ್ಯ ತಡೆಯುತ್ತದೆ. ಒಡಪಿನ ಕೊನೆಯ ಮಾತು ಬಿದ್ದ ಕೂಡಲೇ ಅಷ್ಟೂ ಸಮಾಳಗಳು ಒಂದೇ ಪೆಟ್ಟಿಗೆ ಏಳಬೇಕು. ಆ ಪೆಟ್ಟು ಒಂದಾಗಿ ಬಂತೋ, ಒಡೆದು ಬಂತೋ, ನಾವು ಕಾಯುವುದು ಅದಕ್ಕೆ. ಡೊಳ್ಳಿನ ಅಭಿಮಾನಿಗಳದ್ದು ಬೇರೆ ಲೆಕ್ಕ. ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ. ಅಂಗೈಯ ಪೆಟ್ಟು ಕೇಳದೆ ಬರೀ ಕೋಲಿನ ಸದ್ದು ಕೇಳಿದರೆ ಅವರು ಮುಖ ತಿರುಗಿಸುತ್ತಾರೆ. ಹಲಗೆಯವರದು ಬೆಂಕಿಯ ಲೆಕ್ಕ. ಹುಲ್ಲಿನ ಉರಿಗೆ ಎಷ್ಟು ಹೊತ್ತು ಹಿಡಿದರೆ ಚರ್ಮ ಎಷ್ಟು ಬಿಗಿಯುತ್ತದೆ ಎಂಬ ಹದ ಬಲ್ಲವನೇ ದೊಡ್ಡವನು. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳುವಾದ ಕಡ್ಡಿ.

ಎರಡು ಮೇಳ ಒಂದೇ ಬೀದಿಯಲ್ಲಿ ಎದುರುಬದುರಾದರೆ ಜಾತ್ರೆಯ ನಿಜವಾದ ಪಂದ್ಯ ಶುರು. ತೀರ್ಪುಗಾರರಿಲ್ಲ, ಅಂಕವಿಲ್ಲ, ಹೊತ್ತಿನ ಮಿತಿಯಿಲ್ಲ. ಒಂದು ಮೇಳ ತನ್ನ ಗತ್ತಿನಿಂದ ಇನ್ನೊಂದರ ತಾಳ ಕೆಡಿಸಲು ನೋಡುತ್ತದೆ. ಸೋಲು ಅಂದರೆ ಮೊದಲು ನಿಲ್ಲಿಸುವುದು, ಅಷ್ಟೇ. ಯಾರು ಮೊದಲು ನಿಲ್ಲಿಸಿದರು ಎಂಬುದನ್ನು ನಮ್ಮ ಕಡೆ ಜನ ಮೂವತ್ತು ವರ್ಷ ನೆನಪಿಡುತ್ತಾರೆ.

ಈ ಪೈಪೋಟಿಯ ಬೇರು ಹುಡುಕುತ್ತ ಹೋದರೆ ಸಂಗೀತಕ್ಕಿಂತ ಮೊದಲು ಕೈಗೆ ತಾಗುವುದು ಹಕ್ಕಿನ ಪ್ರಶ್ನೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಪಾಂಡ್ಯರೆಂಬ ಮನೆತನ ಆಳುತ್ತಿತ್ತು. ಮಧುರೆಯ ಪಾಂಡ್ಯರಲ್ಲ, ಕಲ್ಯಾಣದ ಚಾಲುಕ್ಯರ ಕೈಕೆಳಗೆ ನೊಳಂಬವಾಡಿಯನ್ನು ನೋಡಿಕೊಂಡವರು. ಇವರ ಶಾಸನಗಳಲ್ಲಿ ಹೆಸರಿಗೆ ಮೊದಲು ಬರುವ ಬಿರುದು ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಲೇಶ್ವರ’. ಐದು ಮಹಾಶಬ್ದಗಳನ್ನು ಪಡೆದುಕೊಂಡವನು ಎಂದರ್ಥ. ಮಹಾಶಬ್ದ ಅಂದರೆ ‘ಮಹಾ’ ಎಂದು ಶುರುವಾಗುವ ಐದು ಪದವಿಗಳು ಎಂದು ಕೆಲವು ವಿದ್ವಾಂಸರು ಹೇಳಿದ್ದುಂಟು. ಕಾಶ್ಮೀರದ ಮಟ್ಟಿಗೆ ಅದು ಸರಿಯಿರಬಹುದು. ಕನ್ನಡ ನಾಡಿನಲ್ಲಿ ಅದು ವಾದ್ಯಗಳೇ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಪಟ್ಟಿಯನ್ನೇ ಕೊಡುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಅಂದರೆ ಕಹಳೆ ಊದಿಸಿಕೊಂಡು, ಭೇರಿ ಬಡಿಸಿಕೊಂಡು ಬೀದಿಯಲ್ಲಿ ಹೋಗುವುದು ಯಾರೂ ಮಾಡಬಹುದಾದ ಕೆಲಸವಾಗಿರಲಿಲ್ಲ. ಅದನ್ನು ಮೇಲಿನ ಅರಸು ಕೊಡಬೇಕಿತ್ತು.

ಆ ಐದರಲ್ಲಿ ಎರಡನೆಯದನ್ನು ಇನ್ನೊಮ್ಮೆ ನೋಡಿ. ತಮ್ಮಟ. ನಾವು ತಮಟೆ ಅನ್ನುವುದು, ಹಲಗೆ ಅನ್ನುವುದು. ಮಹಾಮಂಡಲೇಶ್ವರನು ಬಿರುದಾಗಿ ಬರೆಸಿಕೊಂಡ ಸದ್ದು, ಮುಂದೆ ಊರ ಹೊರಗಿನ ಕೇರಿಯವರು ಬಿಟ್ಟಿಯಾಗಿ ಬಾರಿಸಲೇಬೇಕಾದ ಸದ್ದಾಯಿತು. ಸದ್ದು ಕೇಳಿಸಿಕೊಳ್ಳುವವನ ಹಕ್ಕು ಬೇರೆ, ಸದ್ದು ಮಾಡುವವನ ಪಾಡು ಬೇರೆ ಎಂಬುದು ಬಹುಶಃ ಉಚ್ಚಂಗಿಯ ಕಾಲದಲ್ಲೂ ಹಾಗೇ ಇತ್ತು. ಶಾಸನ ಬರೆದವರು ಬಾರಿಸಿದವನ ಹೆಸರು ಹಾಕುವ ಗೋಜಿಗೆ ಹೋಗುವುದಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ ಸದ್ದಿನ ಪ್ರಮಾಣ ದೊಡ್ಡದಾಗುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸಿನ ಡೊಮಿಂಗೊ ಪಾಯೆಸ್ ಮಹಾನವಮಿಯ ದಿನಗಳನ್ನೂ ಅದರ ಸೈನ್ಯದ ಪರಿವೀಕ್ಷಣೆಯನ್ನೂ ಬಣ್ಣಿಸುವಾಗ ನಗಾರಿ, ತುತ್ತೂರಿಗಳನ್ನು ಮರೆಯುವುದಿಲ್ಲ. ಸಾಮ್ರಾಜ್ಯ ಹೋಯಿತು, ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರು ಆ ಗತ್ತನ್ನು ತಮ್ಮ ಅಳತೆಗೆ ಕತ್ತರಿಸಿಕೊಂಡರು. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಎರೆಯುವ ಎಣ್ಣೆ ಇವತ್ತಿಗೂ ಜರಿಮಲೆಯ ಪಾಳೆಯಗಾರರ ಮನೆತನದಿಂದ ಬರುತ್ತದೆ. ಆಳ್ವಿಕೆ ಹೋಗಿ ಇನ್ನೂರು ವರ್ಷವಾದ ಮೇಲೂ ಮರ್ಯಾದೆ ಉಳಿಯುವುದು ಹೀಗೆ, ಮೆರವಣಿಗೆಯಲ್ಲಿ. ಮದರಾಸು ಸೀಮೆಯಲ್ಲಿ ಬಲಗೈ ಎಡಗೈ ಪಂಗಡಗಳು ಕಂಪನಿಯ ಅಧಿಕಾರಿಗಳ ಮುಂದೆ ಕೊಂಡೊಯ್ದ ವ್ಯಾಜ್ಯಗಳಲ್ಲಿ ಎಷ್ಟೋ ಇದೇ ಬಗೆಯವು: ಯಾವ ಬೀದಿಯಲ್ಲಿ, ಯಾವ ಬಾವುಟದ ಕೆಳಗೆ, ಯಾವ ವಾದ್ಯದೊಡನೆ ಯಾರು ಹೋಗಬಹುದು?

1800ರಲ್ಲಿ ಈ ಸೀಮೆ ನಿಜಾಮನಿಂದ ಕಂಪನಿಗೆ ಬಂತು. ಬಳ್ಳಾರಿಯ ದಂಡಿನಲ್ಲಿ ಪಲ್ಟನ್ನುಗಳ ಬ್ಯಾಂಡು ಕೇಳತೊಡಗಿತು. ಇಲ್ಲೊಂದು ತಮಾಷೆಯಿದೆ. ಯುರೋಪಿನ ಸೈನ್ಯಗಳು ದೊಡ್ಡ ಡ್ರಮ್ಮನ್ನೂ ತಾಳಗಳನ್ನೂ ಹದಿನೆಂಟನೆಯ ಶತಮಾನದಲ್ಲಿ ಕಲಿತದ್ದು ತುರ್ಕರ ಜಾನಿಸರಿ ಪಡೆಗಳ ಮೆಹ್ತರ್ ಮೇಳದಿಂದ. ಇಂಗ್ಲಿಷಿನಲ್ಲಿ ಹಳೆಯ ಜೋಡಿ ಡ್ರಮ್ಮಿಗೆ ಇದ್ದ ‘ನೇಕರ್’ ಎಂಬ ಹೆಸರು ಅರಬ್ಬಿಯ ನಖ್ಖಾರಾದಿಂದ, ಅಂದರೆ ನಮ್ಮ ನಗಾರಿಯ ಮನೆಯಿಂದಲೇ ಹೋದದ್ದು. ಪೂರ್ವದಿಂದ ಹೋದ ಸದ್ದು ಬಿಗಿ ಅಂಗಿ ತೊಟ್ಟು ಹಿತ್ತಾಳೆಯ ಕೊಳವೆಗಳೊಡನೆ ವಾಪಸು ಬಂತು. ಮೈಸೂರಿನ ಅರಮನೆ ಅದನ್ನು ಮರ್ಯಾದೆಯಿಂದ ಒಳಗೆ ಕರೆದುಕೊಂಡಿತು. ಜರ್ಮನಿಯ ಒಟ್ಟೊ ಷ್ಮಿಟ್ ಅಲ್ಲಿ ವಾದ್ಯವೃಂದ ನಡೆಸಿದ. ನಮ್ಮ ಕಡೆಗೆ ಅದು ಬಂದದ್ದು ಮದುವೆಯ ಬ್ಯಾಂಡ್ ಸೆಟ್ ಆಗಿ. ಸನಾದಿ ಊದುತ್ತಿದ್ದ ಭಜಂತ್ರಿ ಮನೆಗಳ ಹುಡುಗರು ಕ್ಲಾರಿಯೊನೆಟ್ ಹಿಡಿದರು, ಜರಿ ಪಟ್ಟಿಯ ಕೋಟು ತೊಟ್ಟರು. ಕೋಟು ಸೈನಿಕನದು, ಸುತ್ತಿನ ಗೌರವ ಮಾತ್ರ ಹಳೆಯದೇ. ಊಟದ ಹೊತ್ತಿಗೆ ಅವರ ಪಂಕ್ತಿ ಕೊನೆಗೆ.

ಹಲಗೆಯ ಮಾತಿಗೆ ಮರಳುತ್ತೇನೆ, ಏಕೆಂದರೆ ನಮ್ಮ ಈ ಹುಚ್ಚಿಗೆ ಅದು ಕೇಳುವ ಪ್ರಶ್ನೆ ಸುಲಭದ್ದಲ್ಲ. ಡಂಗುರಕ್ಕೆ, ಸಾವಿಗೆ, ಹಬ್ಬಕ್ಕೆ, ದೇವರ ಮುಂದೆ ಬಾರಿಸುವುದು ಮಾದಿಗರ ಕೇರಿಯ ಪಾಲಿಗೆ ಕಲೆಯಾಗಿರಲಿಲ್ಲ, ತಪ್ಪಿಸಿಕೊಳ್ಳಲಾಗದ ಚಾಕರಿಯಾಗಿತ್ತು. 1970ರ ದಶಕದಲ್ಲಿ ದಲಿತ ಚಳವಳಿ ಎದ್ದ ಮೇಲೆ ಕರ್ನಾಟಕದ ಹಲವು ಹಳ್ಳಿಗಳಲ್ಲಿ ‘ಇನ್ನು ಬಾರಿಸುವುದಿಲ್ಲ’ ಎಂಬ ಮಾತು ಬಂತು. ಅದಕ್ಕೆ ಊರು ಕೊಟ್ಟ ಉತ್ತರ ಎಷ್ಟೋ ಕಡೆ ಬಹಿಷ್ಕಾರ: ಅಂಗಡಿಯಲ್ಲಿ ಸಾಮಾನಿಲ್ಲ, ಹೊಲದಲ್ಲಿ ಕೂಲಿಯಿಲ್ಲ. ಅದೇ ವರ್ಷಗಳಲ್ಲಿ ಅದೇ ಹಲಗೆ ಚಳವಳಿಯ ಜಾಥಾಗಳ ಮುಂದೆ ನಡೆಯಿತು. ಗುಡಿಯ ಮುಂದೆ ಬಾರಿಸಲು ಒಲ್ಲೆನೆಂದವನು ತಾಲ್ಲೂಕು ಕಚೇರಿಯ ಮುಂದೆ ತಾನಾಗಿ ಬಾರಿಸಿದ. ಒಂದೇ ಚರ್ಮ, ಒಂದೇ ಕೋಲು. ಕೇಳಿಸಿಕೊಳ್ಳುವ ನಮಗೆ ಎರಡೂ ಒಂದೇ ಎನಿಸಿದರೆ, ಕೇಳಿದ್ದು ಸಾಲದು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಪಂಚಮಹಾಶಬ್ದದ ತಮ್ಮಟಕ್ಕೆ ಮತ್ತೆ ಬಿರುದು ಬಂತು, ಈ ಸಲ ಬಾರಿಸಿದವನ ಹೆಸರಿಗೆ.

ಬಾರಿಸುವವರು ತಮ್ಮ ಆಟದ ನಿಯಮ ತಾವೇ ಬರೆದುಕೊಂಡ ಒಂದು ಕಥೆ ಅಮೆರಿಕದಲ್ಲಿದೆ. ಅಲ್ಲಿ ಡ್ರಮ್ ಕೋರ್ ಅನ್ನುತ್ತಾರೆ: ಡ್ರಮ್ಮು, ಹಿತ್ತಾಳೆ ವಾದ್ಯ, ಬಾವುಟ ಹಿಡಿದ ಹುಡುಗ ಹುಡುಗಿಯರು ಮೈದಾನದ ತುಂಬ ಆಕಾರ ಬದಲಿಸುತ್ತ ನಡೆಯುತ್ತಾರೆ, ಸ್ಟೇಡಿಯಮ್ಮಿನಲ್ಲಿ ಅಭಿಮಾನಿಗಳು ಕೂಗುತ್ತಾರೆ. ಮೊದಲು ಈ ಸ್ಪರ್ಧೆಗಳನ್ನು ನಡೆಸುತ್ತಿದ್ದದ್ದು ಮಾಜಿ ಸೈನಿಕರ ಸಂಘಗಳು. ನಿಯಮ ಅವರದು, ಪ್ರದರ್ಶನದ ಹಣದ ಮಾತು ಅವರದು. 1971ರಲ್ಲಿ ತಂಡಗಳವರೇ ಸಿಡಿದು ಹೊರಬಂದು ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಕಟ್ಟಿಕೊಂಡರು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಶಿಪ್, ಗೆದ್ದದ್ದು ಅನಾಹೈಮ್ ಕಿಂಗ್ಸ್‌ಮನ್. ಆಗಿನ ತೀರ್ಪುಗಾರರು ಬಾರಿಸುವವರ ನಡುವೆಯೇ ಓಡಾಡುತ್ತ ಒಂದೊಂದು ತಪ್ಪಿಗೆ ಒಂದೊಂದು ಗೀಟು ಹಾಕಿ ಅಂಕ ಕಳೆಯುತ್ತಿದ್ದರು. 1984ರ ಹೊತ್ತಿಗೆ ಆ ಪದ್ಧತಿ ಹೋಗಿ, ಆಡಿದ್ದರಲ್ಲಿ ಏನಿದೆಯೋ ಅದಕ್ಕೆ ಅಂಕ ಕೂಡಿಸುವ ಪದ್ಧತಿ ಬಂತು. ಗೀಟು ಹೋದ ಮೇಲೆ ಶುದ್ಧಿ ಕೆಟ್ಟಿತೆಂದು ಹಲುಬುವ ಹಳೆಯ ಅಭಿಮಾನಿಗಳು ಅಲ್ಲಿ ಈಗಲೂ ಇದ್ದಾರೆ. ಅವರನ್ನು ಕರೆತಂದು ಕೊಟ್ಟೂರಿನ ಬೀದಿಯಲ್ಲಿ ನಿಲ್ಲಿಸಬೇಕು ಅನಿಸುತ್ತದೆ. ಇಲ್ಲಿ ಗೀಟು ಹಾಕಲು ಪಟ್ಟಿಯೇ ಇಲ್ಲ.

ಇಲ್ಲ ಅನ್ನುವಂತೆಯೂ ಇಲ್ಲ. ಯುವಜನೋತ್ಸವಗಳಲ್ಲಿ ಜನಪದ ವಾದ್ಯಕ್ಕೆ ಅಂಕ ಹಾಕುತ್ತಾರೆ, ಶಾಲಾ ಬ್ಯಾಂಡುಗಳಿಗೆ ದೆಹಲಿಯವರೆಗೂ ಪಂದ್ಯವಿದೆ. ವೇದಿಕೆಯ ಮೇಲೆ ಮೇಳಕ್ಕೆ ಸಿಗುವುದು ಕೆಲವೇ ನಿಮಿಷ. ನಿಧಾನವಾಗಿ ಎದ್ದು ಗಂಟೆಗಟ್ಟಲೆ ಬೀದಿಯುದ್ದಕ್ಕೂ ಏರುವ ಗತ್ತನ್ನು ಅಷ್ಟರಲ್ಲಿ ತುರುಕಬೇಕು. ಆದ್ದರಿಂದ ಮೊದಲ ಪೆಟ್ಟಿಗೇ ತುದಿಗೆ ಹೋಗುತ್ತಾರೆ, ಡೊಳ್ಳಿನ ಮೇಲೆ ಡೊಳ್ಳಿಟ್ಟು ಅದರ ಮೇಲೆ ಹುಡುಗನನ್ನು ನಿಲ್ಲಿಸುತ್ತಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಆದರೆ ವೇದಿಕೆಯಲ್ಲಿ ಹೆಸರು ಕೂಗುತ್ತಾರೆ, ಕೈಗೆ ಪ್ರಮಾಣಪತ್ರ ಕೊಡುತ್ತಾರೆ, ಹೆಣ್ಣುಮಕ್ಕಳೂ ಡೊಳ್ಳು ಕಟ್ಟುತ್ತಾರೆ. ಬೀದಿಯಲ್ಲಿ ಇವು ಮೂರೂ ಸಿಗುವುದು ಅಪರೂಪ. ಇತ್ತೀಚೆಗೆ ಹಲಗೆಗೆ ಫೈಬರ್ ಹೊದಿಕೆ ಬಂದಿದೆ. ಮಳೆ ಹನಿದರೂ ಸಡಿಲವಾಗದು, ಬೆಂಕಿ ಬೇಡ, ಸದ್ದು ಮಾತ್ರ ತಗಡಿನಂತೆ ಕಿವಿಗೆ ಚುಚ್ಚುತ್ತದೆ. ನಮ್ಮಂಥ ಅಭಿಮಾನಿಗಳು ಗೊಣಗುತ್ತೇವೆ. ಸತ್ತ ದನದ ಚರ್ಮ ಸುಲಿದು ಹದ ಮಾಡುವ ಕೆಲಸ ಯಾರ ಪಾಲಿಗೆ ಬಿದ್ದಿತ್ತೋ ಅವರು ಗೊಣಗಿದ್ದನ್ನು ನಾನು ಕೇಳಿಲ್ಲ.

ಡಿಜೆ, ನಾಸಿಕ್ ಡೋಲು ಎಲ್ಲ ಬಂದು ಮೇಳಗಳ ಸದ್ದು ಮುಳುಗಿತೆಂಬ ದೂರಿನಲ್ಲಿ ಸತ್ಯವಿದೆ. ಆದರೂ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಡೆಂಕಣ ಮರಡಿಯಲ್ಲಿ, ಇನ್ನೂ ಒಂದು ಗಳಿಗೆ ಉಳಿದಿದೆ. ಏಳುಕೋಟಿಯ ಘೋಷ, ಗೊರವರ ಡಮರುಗ, ಲಕ್ಷಗಟ್ಟಲೆ ಜನರ ಗದ್ದಲದ ನಡುವೆ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಎಲ್ಲ ನಿಲ್ಲುತ್ತದೆ. ಅವನು ಒಂದು ಸಾಲಿನ ಕಾರಣಿಕ ನುಡಿಯುತ್ತಾನೆ, ಮತ್ತೆ ಎಲ್ಲ ಶುರುವಾಗುತ್ತದೆ. ಸದ್ದು ಮಾಡುವ ಹಕ್ಕಿನಷ್ಟೇ ಸದ್ದು ನಿಲ್ಲಿಸುವ ಹಕ್ಕೂ ದೊಡ್ಡದೆಂದು ಅಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ನಾನು ಬಲ್ಲ ಒಂದು ಹಲಗೆ ಮೇಳದ ಹುಡುಗರಿದ್ದಾರೆ. ಜಾತ್ರೆಗೆ ಕರೆಯುವವರು ಫೋನಿನಲ್ಲಿ ಮೊದಲು ಕೇಳುವುದು ದರ. ಇವರು ದರ ಹೇಳುವುದಕ್ಕೆ ಮೊದಲು ಒಂದು ಮಾತು ಕೇಳಿಯೇ ಕೇಳುತ್ತಾರೆ: ಊಟ ಎಲ್ಲಿ, ಎಲ್ಲರ ಪಂಕ್ತಿಯಲ್ಲೋ, ಹೊರಗೋ? ಉತ್ತರ ತಡವಾದರೆ ಆ ತಾರೀಕಿಗೆ ಬೇರೆ ಊರಿದೆ ಅನ್ನುತ್ತಾರೆ.